ಪ್ರತಿಕ್ರಿಯೆ: ಮಹಿಳೆಯರು ಕಟ್ಟಿದ ಕ್ಲಬ್ ಗಂಡಸರ ಪಾಲಾದದ್ದು ನಿಜವೇ?

ನಿಜ ಮೇಡಂ. ಅಮೆರಿಕದ ನ್ಯೂಜೆರ್ಸಿಯಲ್ಲಿ 1894ರಲ್ಲಿ ಮಹಿಳೆಯರೇ ಮೋರಿಸ್ ಕೌಂಟಿ ಗಾಲ್ಫ್ ಕ್ಲಬ್ ಸ್ಥಾಪಿಸಿ ನಡೆಸುತ್ತಿದ್ದರು. ಗಂಡಸರಿಗಿದ್ದದ್ದು ಸಹಸದಸ್ಯತ್ವ ಮಾತ್ರ. ಆದರೂ ಒಂದೆರಡು ವರ್ಷದಲ್ಲೇ ಆಡಳಿತ ಅವರ ಕೈಗೆ ಹೋಯಿತು. ಕಟ್ಟಿದವರಿಗೆ ಆದ ಅನ್ಯಾಯವಿದು. ನ್ಯೂಯಾರ್ಕಿನ ಕಾಲೊನಿ ಕ್ಲಬ್ ಹಾಗಾಗಲಿಲ್ಲ. 1903ರಲ್ಲಿ ಹುಟ್ಟಿ, 1907ರಲ್ಲಿ ಈಜುಕೊಳ, ವ್ಯಾಯಾಮಶಾಲೆಯಿದ್ದ ಸ್ವಂತ ಕಟ್ಟಡ ತೆರೆದ ಅದು ಇಂದಿಗೂ ಮಹಿಳೆಯರದೇ.

ದಾವಣಗೆರೆಯಲ್ಲಿ ಶಟಲ್ ಕ್ಲಬ್ ಮಾಡುವಾಗ ಅದನ್ನು ಮಹಿಳೆಯರ ಕೈಯಲ್ಲೇ ಉಳಿಸುವುದು ಹೇಗೆ ಎಂದಿರಲ್ಲ, ಎಲ್ಲವೂ ನಿಂತಿರುವುದು ಬೈಲಾದ, ಅಂದರೆ ಸಂಘದ ನಿಯಮಾವಳಿಯ ಮೇಲೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ನೋಂದಣಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ. ಅಂಗಡಿಯಲ್ಲಿ ಸಿಗುವ ಮಾದರಿ ಬೈಲಾಗೆ ಹಾಗೇ ಸಹಿ ಹಾಕಬೇಡಿ. ಅದರಲ್ಲಿ ಬಹುಪಾಲು "ಎಲ್ಲ ಸದಸ್ಯರಿಗೂ ಸಮಾನ ಮತ" ಅಂತಿರುತ್ತದೆ. ಆಡಲು ಬರುವ ಮನೆಯವರೆಲ್ಲ ಸದಸ್ಯರಾದರೆ ಮೊದಲ ಚುನಾವಣೆಯಲ್ಲೇ ಲೆಕ್ಕ ತಲೆಕೆಳಗಾಗುತ್ತದೆ. ಮತದ ಹಕ್ಕು, ಪದಾಧಿಕಾರ ಮಹಿಳಾ ಸದಸ್ಯರಿಗೆ ಮಾತ್ರ. ಸಹಸದಸ್ಯರಿಗೆ ಆಟದ ಸೌಲಭ್ಯವಷ್ಟೇ ಎಂದು ಬಿಡಿಸಿ ಬರೆಯಿಸಿ.

ಇನ್ನು ಜಾಗ. ಇಲ್ಲೇ ಹೆಚ್ಚು ಜನ ಎಡವುವುದು. ಶಟಲ್ ಕೋರ್ಟಿನ ಲೀಸ್ ಪತ್ರ ಯಾರದೋ ಯಜಮಾನರ ಹೆಸರಲ್ಲಿದ್ದರೆ ಬೈಲಾ ಎಷ್ಟು ಗಟ್ಟಿಯಿದ್ದರೂ ಕ್ಲಬ್ಬಿಗೆ ನೆಲೆಯಿಲ್ಲ. ಮೊದಲು ನೋಂದಣಿ, ಆಮೇಲೆ ಸಂಘದ ಹೆಸರಲ್ಲೇ ಲೀಸ್. ಬ್ಯಾಂಕ್ ಖಾತೆಗೆ ಇಬ್ಬರು ಪದಾಧಿಕಾರಿಗಳ ಜಂಟಿ ಸಹಿ ಇರಲಿ.

ಕೋರ್ಟ್ 13.40 × 6.10 ಮೀಟರ್. ಸುತ್ತ ಓಡಾಡಲು ಜಾಗ ಬೇರೆ ಬೇಕು, ಬಾಡಿಗೆ ಮಾತಾಡುವ ಮುನ್ನ ಟೇಪು ಹಿಡಿದು ಅಳೆಯಿರಿ.