ಓದುಗರ ಪ್ರಶ್ನೆ: ಸ್ಕ್ಯಾನರ್‌ಗೂ ಆಂಟೆನಾಕ್ಕೂ ನಡುವೆ ಯಾವ ಕೇಬಲ್?

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಸಮೀಪದ ಕಾಫಿ ತೋಟವೊಂದರ ತಗ್ಗಿನಲ್ಲಿದೆ. ಹವ್ಯಾಸಿ ರೇಡಿಯೊ ಪರವಾನಗಿ ನನ್ನಲ್ಲಿದೆ. ಹಲವು ಆವರ್ತನಗಳನ್ನು ಒಂದೊಂದಾಗಿ ಹುಡುಕಿ ಆಲಿಸುವ ರೇಡಿಯೊ ಸ್ಕ್ಯಾನರ್ ಜೊತೆಗೆ ಬಂದ ರಬ್ಬರ್ ಆಂಟೆನಾದಲ್ಲಿ ಮನೆಯೊಳಗೆ ಏನೂ ಕೇಳಿಸದ ಕಾರಣ ಹಿತ್ತಲ ದಿಣ್ಣೆಯ ಮೇಲೆ ಕಂಬ ನೆಟ್ಟು ವಿಶಾಲ ಆವರ್ತನ ವ್ಯಾಪ್ತಿಯನ್ನು ಹಿಡಿಯುವ ಡಿಸ್ಕೋನ್ ಆಂಟೆನಾ ಏರಿಸಿದ್ದೇನೆ. ಅಲ್ಲಿಂದ ಮೇಜಿನವರೆಗೆ 30 ಮೀಟರ್ ಕೇಬಲ್ ಬೇಕು. ಅಂಗಡಿಯವರು ಆರ್‌ಜಿ-58 ಸಾಕು ಎನ್ನುತ್ತಾರೆ. ಸ್ನೇಹಿತರೊಬ್ಬರು ದುಬಾರಿಯ ಎಲ್‌ಎಂಆರ್-400 ಅನ್ನೇ ತರಿಸಿ ಎನ್ನುತ್ತಾರೆ. ಡಿಶ್ ಟಿವಿ ಕೇಬಲ್‌ನ ಇಂಪಿಡೆನ್ಸ್ (ಸಂಕೇತಕ್ಕೆ ಅದು ಒಡ್ಡುವ ವಿದ್ಯುತ್ ತಡೆ) 75 ಓಮ್, ಸ್ಕ್ಯಾನರ್‌ನದು 50 ಓಮ್, ಆದ್ದರಿಂದ ಅದು ಹೊಂದುವುದಿಲ್ಲ ಎಂದೂ ಕೇಳಿದ್ದೇನೆ. ಯಾವುದನ್ನು ಕೊಳ್ಳಲಿ?

ಉತ್ತರ: ಹೊಂದುವುದಿಲ್ಲ ಎಂದು ನೀವು ಕೇಳಿದ ಆ ಡಿಶ್ ಕೇಬಲನ್ನೇ, ಅಂದರೆ ಆರ್‌ಜಿ-6 ಅನ್ನೇ ಕೊಳ್ಳಿ. 50 ಓಮ್‌ನ ಉಪಕರಣಕ್ಕೆ 75 ಓಮ್‌ನ ಕೇಬಲ್ ಸೇರಿಸಿದಾಗ ಆ ಜೋಡಣೆಯಲ್ಲಿ ಹಿಂದಿರುಗುವ ಶಕ್ತಿ ಶೇಕಡಾ 4 ಮಾತ್ರ. ಅದರಿಂದಾಗುವ ನಷ್ಟ 0.2 ಡೆಸಿಬೆಲ್‌ಗಿಂತಲೂ (ಡೆಸಿಬೆಲ್ ಎಂದರೆ ಸಂಕೇತದ ಏರಿಳಿತದ ಅಳತೆ) ಕಡಿಮೆಯಾದ್ದರಿಂದ ಕಿವಿಗೆ ತಿಳಿಯುವುದೇ ಇಲ್ಲ. ಟ್ರಾನ್ಸ್‌ಮಿಟರ್‌ಗೆ ಇದು ಲೆಕ್ಕಕ್ಕೆ ಬರುವ ಸಂಗತಿಯಾದರೂ ಕೇವಲ ಆಲಿಸುವ ಸ್ಕ್ಯಾನರ್‌ಗೆ ಅಲ್ಲ. ಡಿಸ್ಕೋನ್‌ನಂತಹ ಆಂಟೆನಾ ಕೂಡ ತನ್ನ ಇಡೀ ಆವರ್ತನ ವ್ಯಾಪ್ತಿಯಲ್ಲಿ ಸರಿಯಾಗಿ 50 ಓಮ್‌ನಲ್ಲೇ ನಿಲ್ಲುವುದಿಲ್ಲ.

ನಿಜವಾಗಿ ಲೆಕ್ಕ ಹಾಕಬೇಕಾದದ್ದು ಕೇಬಲ್‌ನ ಉದ್ದಕ್ಕೂ ಸೋರಿಹೋಗುವ ಸಂಕೇತವನ್ನು. ಈ ನಷ್ಟ ಉದ್ದಕ್ಕೆ ತಕ್ಕಂತೆ ಬೆಳೆಯುವುದಲ್ಲದೆ ಆವರ್ತನ ಏರಿದಂತೆಯೂ ಏರುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧವಾಗುತ್ತದೆ. ಹವ್ಯಾಸಿಗಳ 144-146 ಮೆಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ 30 ಮೀಟರ್ ಆರ್‌ಜಿ-58 ಸುಮಾರು 6 ಡೆಸಿಬೆಲ್ ನುಂಗುವುದರಿಂದ ಆಂಟೆನಾ ಹಿಡಿದದ್ದರಲ್ಲಿ ಕಾಲು ಭಾಗ ಮಾತ್ರ ನಿಮ್ಮ ಮೇಜಿಗೆ ತಲುಪುತ್ತದೆ. ಅದೇ ಉದ್ದದ ಆರ್‌ಜಿ-6 ಎರಡೂವರೆ ಡೆಸಿಬೆಲ್‌ನಷ್ಟನ್ನು ಮಾತ್ರ ಕಳೆದು ಅರ್ಧಕ್ಕಿಂತ ಹೆಚ್ಚನ್ನು ಉಳಿಸಿಕೊಡುತ್ತದೆ. ಹವ್ಯಾಸಿಗಳ ಇನ್ನೊಂದು ಪಟ್ಟಿಯಾದ 434-438 ಮೆಗಾಹರ್ಟ್ಸ್‌ಗೆ ಹೋದರೆ ಆರ್‌ಜಿ-58ರಲ್ಲಿ ಹತ್ತನೆಯ ಒಂದು ಪಾಲು ಉಳಿದರೆ ಹೆಚ್ಚು, ಆರ್‌ಜಿ-6ರಲ್ಲಿ ಮೂರನೆಯ ಒಂದು ಪಾಲಾದರೂ ಉಳಿಯುತ್ತದೆ. ಎಲ್‌ಎಂಆರ್-400 ಇವೆರಡಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ 145 ಮೆಗಾಹರ್ಟ್ಸ್‌ನಲ್ಲಿ ಅದರಿಂದ ನಿಮಗೆ ಹೆಚ್ಚುವರಿಯಾಗಿ ದೊರೆಯುವುದು ಸುಮಾರು 1 ಡೆಸಿಬೆಲ್. 10 ಮಿಲಿಮೀಟರ್ ದಪ್ಪದ, ಸುಲಭವಾಗಿ ಬಾಗದ ಆ ಕೇಬಲನ್ನು ಅಷ್ಟಕ್ಕಾಗಿ ಹಣ ತೆತ್ತು ತರಿಸುವುದಕ್ಕಿಂತ ಅದೇ ಹಣದಲ್ಲಿ ಕಂಬವನ್ನು ಎರಡು ಮೀಟರ್ ಎತ್ತರಿಸುವುದು ನಿಮ್ಮ ತಗ್ಗಿನ ಮನೆಗೆ ಹೆಚ್ಚು ಲಾಭದಾಯಕ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೂ ಕೊಡಗಿನಲ್ಲಿ ಕೇಬಲ್ ಕೆಡುವುದು ನಷ್ಟದ ಕೋಷ್ಟಕದಿಂದಲ್ಲ, ನೀರಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ನೀರು ಆಂಟೆನಾ ತುದಿಯ ಕನೆಕ್ಟರ್‌ನಲ್ಲಿ ಒಮ್ಮೆ ಒಳನುಗ್ಗಿತೆಂದರೆ ಹೆಣೆದ ತಂತಿಯ ಎಳೆಗಳ ಸಂದಿನಲ್ಲೇ ಮೀಟರ್‌ಗಟ್ಟಲೆ ಹರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಸಂಕೇತ ಮಾತ್ರ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಆದ್ದರಿಂದ ಹೊರಾಂಗಣಕ್ಕೆಂದೇ ತಯಾರಿಸಿದ, ಬಿಸಿಲು ತಾಳುವ ಕಪ್ಪು ಹೊದಿಕೆಯ ಕೇಬಲನ್ನೇ ಕೇಳಿ. ಬಿಳಿಯದನ್ನು ಮನೆಯೊಳಗಷ್ಟೇ ಬಳಸಿ. ಕೈಯಲ್ಲಿ ತಿರುಪಿ ಕೂರಿಸುವ ಎಫ್ ಕನೆಕ್ಟರ್ (ಡಿಶ್ ಕೇಬಲ್‌ನ ತುದಿಗೆ ಹಾಕುವ ಬಗೆ) ಬೇಡ, ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದು ಇರಲಿ. ಕೂರಿಸುವಾಗ ಹೆಣಿಗೆಯ ಎಳೆಗಳನ್ನು ಹೊದಿಕೆಯ ಮೇಲೆ ಹಿಂದಕ್ಕೆ ಮಡಚಿ, ಬಿಳಿಯ ಫೋಮ್ ಕನೆಕ್ಟರ್‌ನ ಒಳತಳಕ್ಕೆ ಸಮನಾಗಿ ನಿಲ್ಲುವಂತೆಯೂ ನಡುತಂತಿ ನಟ್‌ನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಮುಂದೆ ಚಾಚುವಂತೆಯೂ ನೋಡಿಕೊಳ್ಳಿ. ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಸ್ಕ್ಯಾನರ್ ಮೂಕವಾಗುತ್ತದೆ. ಬಳಿಕ, ಎಳೆದು ಸುತ್ತಿದಾಗ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿ, ಅದರ ಮೇಲೆ ಸಾಮಾನ್ಯ ಕಪ್ಪು ಟೇಪ್ ಹಾಕಿ. ಗೋಡೆಯೊಳಗೆ ನುಗ್ಗುವ ಮುನ್ನ ಕೇಬಲ್ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಲಿ. ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ದಿಣ್ಣೆಯಿಂದ ಮನೆಯವರೆಗಿನ ದಾರಿಯಲ್ಲಿ ಕೇಬಲನ್ನು ಸಿಲ್ವರ್ ಓಕ್ ಮರಗಳಿಗೆ ಕಟ್ಟಿ ಎಳೆಯುವ ಬದಲು ಪಿವಿಸಿ ಪೈಪಿನೊಳಗೆ ಹಾಯಿಸಿ ನೆಲದಲ್ಲಿ ಹೂಳುವುದು ಮೇಲು. ಗಾಳಿಗೆ ಮರ ತೂಗಿದಾಗ ಕೇಬಲ್ ಜಗ್ಗುತ್ತದೆ, ಅಳಿಲು ಕಡಿಯುತ್ತದೆ, ಆನೆ ಬರುವ ತೋಟವಾದರೆ ಹೇಳುವುದೇ ಬೇಡ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ದಿನಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಕೇಬಲ್ಲೂ ಉತ್ತರವಲ್ಲ: ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಮೋಡ ಕವಿದೊಡನೆ ಕೇಬಲನ್ನು ಸ್ಕ್ಯಾನರ್‌ನಿಂದ ಕಳಚಿ ಮನೆಯ ಹೊರಗಿಡಿ.

ಸ್ಕ್ಯಾನರ್ ತುದಿಯಲ್ಲಿ ಕೇಬಲ್‌ನ ಎಫ್ ಕನೆಕ್ಟರನ್ನು ಸ್ಕ್ಯಾನರ್‌ನ ಬಿಎನ್‌ಸಿ ಕನೆಕ್ಟರ್‌ಗೆ ಹೊಂದಿಸುವ ಒಂದೇ ಅಡಾಪ್ಟರ್ ಸಾಕು. ಇಷ್ಟರ ಮೇಲೂ ಸಂಕೇತ ದುರ್ಬಲವೆನಿಸಿದರೆ ಆಂಪ್ಲಿಫೈಯರನ್ನು ಆಂಟೆನಾದ ಬುಡದಲ್ಲೇ ಕೂರಿಸಬೇಕು. ಮೇಜಿನ ಮೇಲಿಟ್ಟರೆ ಅದು ಕೇಬಲ್‌ನಲ್ಲಿ ಈಗಾಗಲೇ ಕಳೆದುಹೋದದ್ದನ್ನು ಮರಳಿ ತರಲಾರದು.

ಪ್ರಶ್ನೆ: ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಹಳೆಯ ಡಿಶ್ ಕೇಬಲ್ ಗೋಡೆಯಲ್ಲೇ ಉಳಿದಿದೆ. ಅದನ್ನೇ ಸ್ಕ್ಯಾನರ್‌ಗೆ ಬಳಸಬಹುದೇ?

ಉತ್ತರ: ಬಳಸಬಹುದು. ಮೊದಲು ಸೆಟ್ ಟಾಪ್ ಬಾಕ್ಸನ್ನು ಆ ಕೇಬಲ್‌ನಿಂದ ಸಂಪೂರ್ಣವಾಗಿ ಬೇರ್ಪಡಿಸಿ, ಏಕೆಂದರೆ ಡಿಶ್‌ನ ಮುಂದಿರುವ ಸಂಕೇತ ಗ್ರಾಹಕವಾದ ಎಲ್‌ಎನ್‌ಬಿಗಾಗಿ ಅದು ಕೇಬಲ್ ಮೂಲಕವೇ 13 ಅಥವಾ 18 ವೋಲ್ಟ್ ಕಳುಹಿಸುತ್ತದೆ. ಅದು ಸ್ಕ್ಯಾನರ್‌ಗೆ ತಲುಪುವುದು ಅಪಾಯ. ನಡುವೆ ಸಂಕೇತವನ್ನು ಹಂಚುವ ಸ್ಪ್ಲಿಟರ್ ಇದ್ದರೆ ತೆಗೆಯಿರಿ. ಎರಡೂ ತುದಿಗಳನ್ನು ಒಂದಡಿ ಕತ್ತರಿಸಿ ನೋಡಿ: ಹೆಣಿಗೆ ಹೊಳೆಯುತ್ತಿದ್ದರೆ ಹೊಸ ಕನೆಕ್ಟರ್ ಹಾಕಿ, ಕಪ್ಪಾಗಿ ಪುಡಿಯಾಗಿದ್ದರೆ ಕೇಬಲನ್ನೇ ಬದಲಿಸಿ.

ಪ್ರಶ್ನೆ: ಮಡಿಕೇರಿ ಪಟ್ಟಣದಲ್ಲಿದ್ದೇನೆ. ಉತ್ತಮ ಕೇಬಲ್ ಹಾಕಿದ ಮೇಲೆ ವಿಮಾನಗಳ ಆವರ್ತನ ಪಟ್ಟಿಯಲ್ಲೂ ಆಕಾಶವಾಣಿಯೇ ಕೇಳಿಸುತ್ತಿದೆ. ಕೇಬಲ್‌ನ ದೋಷವೇ?

ಉತ್ತರ: ದೋಷವಲ್ಲ. ಸಮೀಪದ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಪ್ರಸಾರ ಈಗ ಹೆಚ್ಚು ಬಲವಾಗಿ ಒಳಬಂದು ಸ್ಕ್ಯಾನರ್‌ನ ಮೊದಲ ಹಂತವನ್ನೇ ಮುಳುಗಿಸುತ್ತಿರಬಹುದು. ಸ್ಕ್ಯಾನರ್‌ನಲ್ಲಿ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಗುಂಡಿಯಿದ್ದರೆ ಒತ್ತಿ ನೋಡಿ. 118-137 ಮೆಗಾಹರ್ಟ್ಸ್‌ನಲ್ಲಿ ಆಕಾಶವಾಣಿ ಮಾಯವಾಗಿ ವಿಮಾನಗಳ ಮಾತು ಉಳಿದರೆ ಕಾರಣ ಅದೇ. ಆಗ 88-108 ಮೆಗಾಹರ್ಟ್ಸ್ ಅನ್ನು ತಡೆಯುವ ಎಫ್‌ಎಂ ಫಿಲ್ಟರ್ ಒಂದನ್ನು ಸ್ಕ್ಯಾನರ್ ತುದಿಯಲ್ಲಿ ಸೇರಿಸಿ.