ಮಾರಿಬಿಡಿ ಮೇಷ್ಟ್ರೇ

ಶಿವಮೊಗ್ಗದ ಕಾಲೇಜು ಅಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಬೀರುವಿನಲ್ಲಿ 23 ಕೈಗಡಿಯಾರಗಳಿವೆ. ಅಪ್ಪನಿಂದ ಬಂದ ಎಚ್‌ಎಂಟಿ ಜನತಾ, ತಾವೇ ಹುಡುಕಿ ಕೊಂಡ ಇನ್ನೂ ಹತ್ತು ಎಚ್‌ಎಂಟಿಗಳು, ಸೀಕೊ, ಸಿಟಿಜನ್, ಟೈಟಾನ್, ಜೊತೆಗೆ ಒಂದು ಲಾಂಜೀನ್, ಒಂದು ಓರಿಸ್. ಓದುವ ದಿನಗಳಿಂದ ಅವರ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಸ್ವಿಟ್ಜರ್ಲೆಂಡಿನ ಯೇಗರ್-ಲಕೂಲ್ಟ್ರ್ ಕಂಪನಿಯ ರಿವರ್ಸೊ ವಾಚು. ಇರುವುದನ್ನು ಮಾರಿದರೆ ಒಂದು ಸೆಕೆಂಡ್‌ಹ್ಯಾಂಡ್ ರಿವರ್ಸೊದ ಅರ್ಧ ದುಡ್ಡು ಹುಟ್ಟುತ್ತದಂತೆ. ಉಳಿದದ್ದನ್ನು ಕೂಡಿಟ್ಟಿದ್ದಾರೆ. ಗೆಳೆಯರು ಬೇಡ ಎನ್ನುತ್ತಿದ್ದಾರೆ. ‘ಇದು ದುರಾಸೆಯೇ?’ ಎಂದು ನಮ್ಮನ್ನು ಕೇಳಿದ್ದಾರೆ.

ಮೇಷ್ಟ್ರೇ, ದುರಾಸೆ ಇದ್ದದ್ದು 23 ಕೂಡಿಹಾಕಿದ್ದರಲ್ಲಿ. ಈಗ ನೀವು ಮಾಡಹೊರಟಿರುವುದು ಅದರಿಂದ ಹೊರಗೆ ಬರುವ ಕೆಲಸ. ಮಾರಿಬಿಡಿ.

ಈ ವಿಷಯದಲ್ಲಿ ನನ್ನದು ಹಳೆಯ ಹಟ. ಬಳಸದ ವಸ್ತುವಿಗೆ ಮನೆಯಲ್ಲಿ ಜಾಗ ಕೊಡಬಾರದು ಎಂದು ಈ ಪುಟದಲ್ಲಿ ಬರೆಯುತ್ತಲೇ ಬಂದಿದ್ದೇನೆ. ಕೀ ಕೊಡುವ ವಾಚಿಗಂತೂ ಇದು ಅಕ್ಷರಶಃ ನಿಜ. ಬೆಂಗಳೂರಿನ ಅವೆನ್ಯೂ ರಸ್ತೆಯ ಗಲ್ಲಿಯಲ್ಲಿ ನನಗೆ ಪರಿಚಯದ ಹಿರಿಯ ರಿಪೇರಿಯವರೊಬ್ಬರಿದ್ದಾರೆ. ಡ್ರಾಯರಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಒಂದು ಎಚ್‌ಎಂಟಿ ಕೊಹಿನೂರನ್ನು ನನ್ನೆದುರೇ ಬಿಚ್ಚಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಿಂದ ಚಕ್ರದ ಅಚ್ಚು ಕೂರುವ ಕೆಂಪು ಹರಳನ್ನು ತೋರಿಸಿದರು. ಹರಳಿನ ಸುತ್ತ ಎಣ್ಣೆ ಕಂದು ಬಣ್ಣದ ಅಂಟಾಗಿ ನಿಂತಿತ್ತು. ‘ಸವೆದಿಲ್ಲ ಸಾರ್, ಸುಮ್ಮನೆ ಇಟ್ಟಿದ್ದೇ ತಪ್ಪು’ ಎಂದರು. ಕಟ್ಟಿಕೊಂಡು ಓಡಾಡುವ ವಾಚು ಹಿಂದೆ ಬಿದ್ದರೆ ಆವತ್ತೇ ಗೊತ್ತಾಗುತ್ತದೆ, ಎಣ್ಣೆ ಹಾಕಿಸಲು ಒಯ್ಯುತ್ತೇವೆ. ಬೀರುವಿನಲ್ಲಿರುವುದರ ಕಾಯಿಲೆ ಯಾರಿಗೂ ತಿಳಿಯುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಆಗಬೇಕು ಎಂಬ ಲೆಕ್ಕ ಹಿಡಿದರೆ, ನಿಮ್ಮ ಸಂಗ್ರಹಕ್ಕೆ ವರ್ಷಕ್ಕೆ ನಾಲ್ಕೈದು ವಾಚು ರಿಪೇರಿಗೆ ಹೋಗಬೇಕಿತ್ತು. ಹೋಗಿವೆಯೇ? ಪತ್ರದಲ್ಲಿ ಆ ಮಾತೇ ಇಲ್ಲ.

ಇನ್ನು ನೀವು ಆಸೆಪಟ್ಟಿರುವ ವಾಚು. ಅದರ ಬಗ್ಗೆ ನೀವು ಎರಡೇ ಸಾಲು ಬರೆದು, ನಾಚಿಕೊಂಡವರಂತೆ ಮುಂದೆ ಹೋಗಿದ್ದೀರಿ. ನಾಚಿಕೊಳ್ಳುವಂಥದ್ದೇನೂ ಇಲ್ಲ. ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ: ರಿವರ್ಸೊದ ಮೂಲ ನಮ್ಮ ದೇಶದ ಪೋಲೊ ಮೈದಾನದಲ್ಲಿದೆ. ಬ್ರಿಟಿಷ್ ಅಧಿಕಾರಿಗಳು ಕುದುರೆಯ ಮೇಲೆ ಕೂತು ಕೋಲು ಬೀಸುವಾಗ ಕೈಯಲ್ಲಿನ ವಾಚಿನ ಗಾಜು ಒಡೆಯುತ್ತಿತ್ತು. ಭಾರತಕ್ಕೆ ಬಂದಿದ್ದ ಸ್ವಿಸ್ ವ್ಯಾಪಾರಿ ಸೀಸರ್ ದ ಟ್ರೇ ಅವರಿಗೆ ಒಬ್ಬ ಅಧಿಕಾರಿ ಒಡೆದ ವಾಚು ತೋರಿಸಿ, ಪೆಟ್ಟು ತಾಳುವಂಥದ್ದು ಮಾಡಿಕೊಡಿ ಎಂದನೆಂಬುದು ಕಂಪನಿ ಹೇಳಿಕೊಂಡು ಬಂದಿರುವ ಕಥೆ. 1931ರ ಮಾರ್ಚ್ 4ರಂದು ರೆನೆ-ಆಲ್ಫ್ರೆಡ್ ಶೋವೊ ಎಂಬ ಎಂಜಿನಿಯರ್ ಪ್ಯಾರಿಸ್ಸಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಉಪಾಯ ಸರಳ. ಆಯತಾಕಾರದ ವಾಚು ತನ್ನ ಚೌಕಟ್ಟಿನಲ್ಲಿ ಪಕ್ಕಕ್ಕೆ ಜಾರುತ್ತದೆ, ಮಗುಚಿಕೊಳ್ಳುತ್ತದೆ, ಮತ್ತೆ ಜಾರಿ ಕೂರುತ್ತದೆ. ಗಾಜು ಒಳಗಾಯಿತು, ಉಕ್ಕಿನ ಬೆನ್ನು ಹೊರಗಾಯಿತು. ಆ ಖಾಲಿ ಬೆನ್ನಿನ ಮೇಲೆ ಜನ ಹೆಸರು ಕೆತ್ತಿಸಿಕೊಂಡರು, ಮೊಹರು ಹಾಕಿಸಿದರು, ಬಣ್ಣದ ಭಾವಚಿತ್ರ ಬರೆಸಿದರು. ಬೆರಳಿನಿಂದ ಒಮ್ಮೆ ತಳ್ಳಿ ಮಗುಚಿ ನೋಡಿದವರು ಆ ಸಣ್ಣ ‘ಟಕ್’ ಸದ್ದನ್ನು ಮರೆಯುವುದಿಲ್ಲ.

ಈ ವಾಚೂ ಒಮ್ಮೆ ಬೀರು ಸೇರಿತ್ತು. ಎರಡನೇ ಮಹಾಯುದ್ಧದ ನಂತರ ದುಂಡು ವಾಚುಗಳ ಕಾಲ ಬಂತು, 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ, ಕೀ ಬೇಡದ, ಸೆಲ್‌ನಿಂದ ನಡೆಯುವ ಕ್ವಾರ್ಟ್ಸ್ ವಾಚು ಮಾರಾಟಕ್ಕೆ ಬಿಟ್ಟ ಮೇಲೆ ಸ್ವಿಸ್ ಕಾರ್ಖಾನೆಗಳು ತತ್ತರಿಸಿದವು. ಅಂಥ ಕೆಟ್ಟ ಕಾಲದಲ್ಲಿ, 1970ರ ದಶಕದ ಆರಂಭದಲ್ಲಿ, ಇಟಲಿಯ ವ್ಯಾಪಾರಿ ಜಾರ್ಜಿಯೊ ಕೊರ್ವೊ ಕಾರ್ಖಾನೆಯಲ್ಲಿ ಬಿದ್ದಿದ್ದ ರಿವರ್ಸೊದ ಖಾಲಿ ಕವಚಗಳನ್ನು ಕಂಡರು. ಸುಮಾರು 200 ಕವಚಗಳನ್ನು ಕೊಂಡು, ಯಂತ್ರ ಕೂರಿಸಿ ಮಾರಿದರು. ಎಲ್ಲ ಖರ್ಚಾದವು. ರಿವರ್ಸೊ ಉಳಿದದ್ದೇ ಯಾರೋ ಒಬ್ಬರು ಅದನ್ನು ಕಪಾಟಿನಿಂದ ತೆಗೆದು ಜನರ ಕೈಗೆ ಕಟ್ಟಿದ್ದರಿಂದ. ನಿಮ್ಮ ಗೆಳೆಯರಿಗೆ ಇದನ್ನು ಓದಿ ಹೇಳಿ.

ಗೆಳೆಯರ ಒಂದು ಮಾತನ್ನು ಒಪ್ಪುತ್ತೇನೆ. ಆ ಹಳೆಯ ಎಚ್‌ಎಂಟಿ ಮತ್ತೆ ಹುಟ್ಟಿಬರುವುದಿಲ್ಲ, ಮಾರಿದ್ದು ಮರಳಿ ಸಿಗದೆ ಹೋಗಬಹುದು. ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಶುರುವಾದ ಕಾರ್ಖಾನೆ ಅದು. ಅದರ ವಾಚು ಕಟ್ಟಿಕೊಂಡು ಎಷ್ಟೋ ಕನ್ನಡಿಗರು ಮೊದಲ ಸಂಬಳ ತಂದಿದ್ದಾರೆ, ಹಸೆಮಣೆ ಏರಿದ್ದಾರೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಾಗ ನಾವೆಲ್ಲ ಮರುಗಿದೆವು. ಆದರೆ ಆ ದುಃಖವನ್ನು ನಿಮ್ಮ ಬೀರು ಹೊರಬೇಕೆಂದು ಯಾವ ನ್ಯಾಯ? ಅಪ್ಪನ ಜನತಾ ಇಟ್ಟುಕೊಳ್ಳಿ, ಅದರ ಬಗ್ಗೆ ಚರ್ಚೆಯೇ ಇಲ್ಲ. ಉಳಿದ ಹತ್ತರಲ್ಲಿ ಮೂರು ‘ಹೊಸದರ ಹಾಗೆ ಮಿನುಗುವ ನೀಲಿ, ಕೇಸರಿ ಡಯಲಿನವು’ ಎಂದು ಬರೆದಿದ್ದೀರಿ. ಅವು ಹೊಸದಾಗಿ ಅಚ್ಚು ಹಾಕಿದ ಡಯಲುಗಳೇ ಇರಬೇಕು. ಹಳೆಯ ಯಂತ್ರಕ್ಕೆ ಎಲ್ಲಿಂದಲೋ ತಂದ ಕವಚ ತೊಡಿಸಿ, ಮೇಲೆ ಬಣ್ಣದ ಡಯಲು ಹಾಕಿ ‘ಅಪರೂಪದ ಮಾಡೆಲ್’ ಎಂದು ಮಾರುವ ದಂಧೆ ವರ್ಷಗಳಿಂದ ನಡೆದಿದೆ. ಪರಂಪರೆಯ ಹೆಸರಿನಲ್ಲಿ ನೀವು ಕಾಯುತ್ತಿರುವುದರಲ್ಲಿ ಅಷ್ಟು ಪಾಲು ಜಾಲಹಳ್ಳಿಯದಲ್ಲ. ಮಾರುವಾಗ ಕೊಳ್ಳುವವರಿಗೆ ಇದನ್ನು ಮುಚ್ಚಿಡದೆ ಹೇಳಿ. ನಿಮ್ಮಲ್ಲಿರುವ ಕಪ್ಪು ಡಯಲಿನ ಎಚ್‌ಎಂಟಿ ಪೈಲಟ್ ಅಸಲಿಯಾಗಿದ್ದರೆ, ದಲ್ಲಾಳಿಗೆ ಕೊಡಬೇಡಿ. ನಿಮ್ಮ ವಿದ್ಯಾರ್ಥಿಗಳಲ್ಲಿ ಅದನ್ನು ದಿನಾ ಕಟ್ಟಿಕೊಳ್ಳುವವನೊಬ್ಬ ಸಿಕ್ಕರೆ, ನೂರಿನ್ನೂರು ಕಡಿಮೆಯಾದರೂ ಅವನಿಗೇ ಕೊಡಿ.

ಗಾಂಧೀಜಿ ಸಮಯದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂಬುದು ಎಲ್ಲರಿಗೂ ಗೊತ್ತು. ಜೇಬು ಗಡಿಯಾರ ಸೊಂಟದಲ್ಲಿ ನೇತಾಡುತ್ತಿತ್ತು. ಅವರ ಝೆನಿತ್ ಗಡಿಯಾರ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಅವರ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲುಗಳೊಂದಿಗೆ 18 ಲಕ್ಷ ಡಾಲರಿಗೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕೊಂಡರು. ಅಷ್ಟು ಬೆಲೆ ಬಂದದ್ದು ಅದು ಅಪರೂಪದ ಮಾಡೆಲ್ ಎಂದಲ್ಲ. ಒಬ್ಬ ಮನುಷ್ಯನ ದಿನಗಳನ್ನು ಅದು ಅಳೆದಿತ್ತು.

ಗೆಳೆಯರಲ್ಲೊಬ್ಬರು ‘ಇನ್ವೆಸ್ಟ್‌ಮೆಂಟ್ ಆಗಿ ಇಟ್ಟುಕೋ, ರೇಟು ಏರುತ್ತದೆ’ ಎಂದರಂತೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸೈಟು, ಬಂಗಾರ ಸಾಲದೆಂದು ಈಗ ಕೈಗೆ ಕಟ್ಟುವ ವಸ್ತುವಿಗೂ ಇದೇ ಗತಿ ಬಂದಿದೆ. 2021ರಲ್ಲಿ ಹಳೆಯ ವಾಚುಗಳ ರೇಟು ಹುಚ್ಚೆದ್ದು ಏರಿತು, 2022ರ ಬೇಸಿಗೆ ಕಳೆಯುವಷ್ಟರಲ್ಲಿ ಇಳಿಯತೊಡಗಿತು. ಏರುವಾಗ ಕೊಂಡವರು ಈಗಲೂ ಪ್ಲಾಸ್ಟಿಕ್ ಹಾಳೆ ಕೀಳದೆ ಕಾಯುತ್ತಿದ್ದಾರೆ. ಇನ್ನೊಬ್ಬರು ಸುಂಕ ಇಳಿಯುವವರೆಗೆ ತಡೆ ಎಂದಿದ್ದಾರೆ. ಸ್ವಿಟ್ಜರ್ಲೆಂಡ್ ಸೇರಿದ ಐರೋಪ್ಯ ದೇಶಗಳ ಗುಂಪಿನೊಂದಿಗೆ ಭಾರತ 2024ರ ಮಾರ್ಚಿನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಸ್ವಿಸ್ ವಾಚುಗಳ ಆಮದು ಸುಂಕ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯುತ್ತದೆ, ನಿಜ. ನಿಮಗೆ ಈಗ 52. ನಿವೃತ್ತಿಯ ಹೊಸ್ತಿಲಲ್ಲಿ ವಾಚು ಕಟ್ಟಿಕೊಂಡು ಯಾವ ಕ್ಲಾಸಿಗೆ ಹೋಗುತ್ತೀರಿ? ಅದೂ ಅಲ್ಲದೆ ನೀವು ಕೊಳ್ಳುತ್ತಿರುವುದು ಈ ದೇಶದಲ್ಲೇ ಇರುವ ಹಳೆಯ ವಾಚು.

ಈಗ ಬೈಗುಳ. ಕೊನೆಯ ಪುಟದಲ್ಲಿ, ರಿವರ್ಸೊ ಬಂದ ಮೇಲೆ ಬ್ಯಾಂಕ್ ಲಾಕರಿನಲ್ಲಿಟ್ಟು ಮದುವೆ ಮುಂಜಿಗೆ ಮಾತ್ರ ಕಟ್ಟಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಆ ಸಾಲು ಓದಿ ನಿಮ್ಮ ಮೇಲಿನ ಪ್ರೀತಿ ಅರ್ಧ ಇಳಿಯಿತು. 22 ವಾಚುಗಳನ್ನು ಬಿಟ್ಟುಕೊಡುವ ಸಂಕಟಕ್ಕೆ ಇದೇ ಫಲವಾದರೆ ಮಾರುವುದೇ ಬೇಡ. ಕುದುರೆ ಮೇಲಿನ ಪೆಟ್ಟಿಗೆಂದು ಮಾಡಿದ ವಾಚು ಸೀಮೆಸುಣ್ಣದ ಪುಡಿಗೆ ಹೆದರುತ್ತದೆಯೇ? ಬೆಳಗ್ಗೆ ಹಲ್ಲುಜ್ಜಿದ ಮೇಲೆ ಕೀ ಕೊಡಿ, ಬೆರಳಿಗೆ ಬಿಗಿ ಹತ್ತಿದ ಕೂಡಲೇ ನಿಲ್ಲಿಸಿ. ಒಮ್ಮೆ ಪೂರ್ತಿ ಕೊಟ್ಟರೆ ಒಂದೂವರೆ ದಿನಕ್ಕೆ ಮೋಸವಿಲ್ಲ. ನಿಮ್ಮೂರಿನ ಮಳೆಗಾಲದಲ್ಲಿ ಚರ್ಮದ ಪಟ್ಟಿ ಬೂಷ್ಟು ಹಿಡಿಯುತ್ತದೆ, ಜೂನ್ ಬರುವ ಮುಂಚೆ ಬಟ್ಟೆಯ ಪಟ್ಟಿಗೆ ಬದಲಿಸಿ. ಜಡಿಮಳೆ ಹಿಡಿದ ದಿನ ಅಪ್ಪನ ಜನತಾವನ್ನೂ ಹೊರಗೆ ಒಯ್ಯಬೇಡಿ, ಎರಡಕ್ಕೂ ನೀರು ಆಗಿಬರುವುದಿಲ್ಲ.

ಕೊಳ್ಳುವ ಮುನ್ನ ಬೆನ್ನು ಬಿಚ್ಚಿಸಿ, ತಿಳಿದವರಿಗೆ ತೋರಿಸಿ. ಮಗುಚುವ ಚೌಕಟ್ಟು ಸಡಿಲವಾಗಿದೆಯೇ ನೋಡಿ. ತಿಳಿದವರು ಎಲ್ಲಿದ್ದಾರೆ ಎಂದು ನೀವು ಕೇಳಬಹುದು, ನನ್ನ ನಿಜವಾದ ಸಂಕಟವೂ ಅದೇ. ಒಂದು ಕಾಲಕ್ಕೆ ಪೇಟೆ ಬೀದಿಗಳಲ್ಲಿ ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತ ವಾಚ್ ರಿಪೇರಿಯವರು ಕಾಣದ ಊರಿರಲಿಲ್ಲ. ಮೊಬೈಲು ಬಂತು, ಗಿರಾಕಿ ಹೋದರು, ಮಕ್ಕಳು ಬೇರೆ ಕೆಲಸ ಹಿಡಿದರು. ಈಗ ಅಂಗಡಿಗೆ ಹೋದರೆ ಸೆಲ್ ಬದಲಿಸಿಕೊಡುತ್ತಾರೆ. ಕೀ ಕೊಡುವ ವಾಚಿನ ನಡಿಗೆ ಹಿಡಿಯುವ ಬ್ಯಾಲೆನ್ಸ್ ಚಕ್ರ ಎಂದರೆ ಮುಖ ನೋಡುತ್ತಾರೆ. ಅವೆನ್ಯೂ ರಸ್ತೆಯ ಆ ಹಿರಿಯರಿಗೂ ಶಿಷ್ಯರಿಲ್ಲ. ಲಕ್ಷಗಟ್ಟಲೆ ಕೊಟ್ಟು ವಾಚು ತರುವ ಶಕ್ತಿ ನಮಗೆ ಬಂದಿದೆ, ಅದಕ್ಕೊಂದು ತೊಟ್ಟು ಎಣ್ಣೆ ಹಾಕಬಲ್ಲ ಕೈಗೆ ಸರಿಯಾದ ಕೂಲಿ ಕೊಡಲು ಚೌಕಾಸಿ ಮಾಡುತ್ತೇವೆ.

ಆದ್ದರಿಂದ ಮೇಷ್ಟ್ರೇ, ಮಾರಿ ಬಂದ ಹಣದಲ್ಲಿ ಸರ್ವಿಸಿಗೆಂದು ಒಂದಿಷ್ಟು ಬೇರೆ ಎತ್ತಿಡಿ. ಕೀ ಕೊಡುವ ವಾಚು ಬಿಚ್ಚಿ ಜೋಡಿಸಬಲ್ಲವರು ತಮ್ಮ ಊರಿನಲ್ಲಿ ಇದ್ದರೆ, ಅವರ ಒಪ್ಪಿಗೆ ಪಡೆದು ಅಂಗಡಿಯ ವಿಳಾಸವನ್ನು ಓದುಗರೆಲ್ಲ ನಮಗೆ ಬರೆಯಲಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಶಿವಮೊಗ್ಗದ ಮೊದಲ ವಿಳಾಸ ನಿಮ್ಮಿಂದಲೇ ಬರಲಿ.

— ಸಂಪಾದಕ