‘ಬಿ.ಪಿ. ಜೀನ್’ ಎಂದು ಬರೆಯುವ ಮುನ್ನ

ನಮಸ್ಕಾರ.

ರಕ್ತದೊತ್ತಡ ಮತ್ತು ವಂಶವಾಹಿಗಳ ಬಗ್ಗೆ ನೀವು ಕಳಿಸಿದ ‘ಅಪ್ಪನಿಂದ ಬಂದ ಬಿ.ಪಿ.’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಬೇಡಿ. ಕಿಡ್ನಿ ಉಪ್ಪನ್ನು ಸೋಸುವ ಬಗೆಯನ್ನು ನೀವು ಬರೆದ ಪ್ಯಾರಾ ತಿಳಿಯಾಗಿದೆ, ತಪ್ಪಿಲ್ಲ. ತೊಡಕಿರುವುದು ಲೇಖನದ ತಳಹದಿಯಲ್ಲಿ.

“ವಿಜ್ಞಾನಿಗಳು ಬಿ.ಪಿ.ಗೆ ಕಾರಣವಾದ ಜೀನ್ ಪತ್ತೆಹಚ್ಚಿದ್ದಾರೆ” ಎಂದು ಶುರು ಮಾಡಿದ್ದೀರಿ. ಎಲ್ಲರ ಬಿ.ಪಿ.ಗೂ ಕಾರಣವಾಗುವ ಅಂಥ ಒಂದು ಜೀನ್ ಇಲ್ಲ. ಈ ಪ್ರಶ್ನೆಯ ಮೇಲೆ ಬ್ರಿಟನ್ನಿನಲ್ಲಿ ರಾಬರ್ಟ್ ಪ್ಲಾಟ್ ಮತ್ತು ಜಾರ್ಜ್ ಪಿಕರಿಂಗ್ ಎಂಬ ವೈದ್ಯರ ನಡುವೆ 1940ರ ದಶಕದ ಕೊನೆಯಿಂದ ವರ್ಷಗಟ್ಟಲೆ ವಾಗ್ವಾದ ನಡೆದಿತ್ತು. ಬಿ.ಪಿ. ಇರುವವರು ಒಂದು ಪ್ರತ್ಯೇಕ ಗುಂಪು, ಒಂದೇ ಜೀನ್ ಅದಕ್ಕೆ ಕಾರಣ ಎಂದರು ಪ್ಲಾಟ್. ಹಾಗೆ ಗೆರೆ ಕೊಯ್ದು ಬೇರ್ಪಡಿಸಲಾಗದು, ಒತ್ತಡವೂ ಮನುಷ್ಯರ ಎತ್ತರದಂತೆ ಕಡಿಮೆಯಿಂದ ಹೆಚ್ಚಿನವರೆಗೆ ಎಡೆಬಿಡದೆ ಹರಡಿಕೊಂಡಿದೆ, ಅದರ ಹಿಂದೆ ಹಲವು ಕಾರಣಗಳಿವೆ ಎಂದರು ಪಿಕರಿಂಗ್. ಗೆದ್ದದ್ದು ಪಿಕರಿಂಗ್ ವಾದ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿ.ಎನ್.ಎ. ನೋಡಿದ 2018ರ ಅಧ್ಯಯನದ ಹೊತ್ತಿಗೆ ಡಿ.ಎನ್.ಎ.ಯಲ್ಲಿ ಒತ್ತಡಕ್ಕೆ ಸಂಬಂಧಿಸಿದ 901 ತಾಣಗಳು ಗೊತ್ತಾಗಿದ್ದವು. 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಸ್ವತಂತ್ರ ಸುಳಿವುಗಳನ್ನು ಲೆಕ್ಕಹಾಕಿದೆ. ಈ ಭೇದಗಳಲ್ಲಿ, ಅಂದರೆ ಜನರಿಂದ ಜನರಿಗೆ ಡಿ.ಎನ್.ಎ.ಯಲ್ಲಿ ಕಾಣುವ ಸಣ್ಣ ವ್ಯತ್ಯಾಸಗಳಲ್ಲಿ, ಬಹುಪಾಲು ಒಂದೊಂದೂ ಒತ್ತಡವನ್ನು 1 ಮಿ.ಮೀ. ಪಾದರಸದಷ್ಟೂ ಏರಿಸುವುದಿಲ್ಲ. ಒಂದೇ ತೋಳಿಗೆ ಎರಡು ಸಲ ಪಟ್ಟಿ ಕಟ್ಟಿ ಅಳೆದರೆ ಬರುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ಈ ಗಾತ್ರ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತಾಗಬೇಕು.

ಒತ್ತಡ ಏರಿಸುವ ಹಾರ್ಮೋನಿಗೆ ಮೂಲವಾದ ಆಂಜಿಯೋಟೆನ್ಸಿನೋಜೆನ್ ಎಂಬ ಪ್ರೋಟೀನಿನ ಜೀನ್ ಉದಾಹರಣೆಯಲ್ಲೂ ಇದೇ ತಪ್ಪಾಗಿದೆ. ಆ ಪ್ರೋಟೀನಿನ 235ನೆಯ ಜಾಗದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಬದಲು ಥ್ರಿಯೋನಿನ್ ಇರುವವರಿಗೆ ಬಿ.ಪಿ. “ಖಚಿತ” ಎಂದಿದ್ದೀರಿ. 1992ರಲ್ಲಿ ಈ ನಂಟು ವರದಿಯಾದದ್ದು ನಿಜ. ಆದರೆ ಅದರ ಪರಿಣಾಮ ಸಣ್ಣದು, ಮತ್ತು ಆಫ್ರಿಕಾ, ಏಷ್ಯಾದ ಬಹಳಷ್ಟು ಜನರಲ್ಲಿ ಥ್ರಿಯೋನಿನ್ ರೂಪವೇ ಹೆಚ್ಚು. ಅದನ್ನು ‘ಕೆಟ್ಟ ಜೀನ್’ ಎಂದು ಕರೆಯುವ ಹಾಗಿಲ್ಲ.

ಮುಂದಿನದು ಶೇಕಡಾವಾರು ಲೆಕ್ಕ. ಅವಳಿಗಳ ಮತ್ತು ಕುಟುಂಬಗಳ ಅಧ್ಯಯನಗಳು ಆನುವಂಶಿಕತೆ ಸುಮಾರು ಶೇ. 30ರಿಂದ 50 ಎನ್ನುತ್ತವೆ. ನೀವು ಅದನ್ನು “ನಿಮ್ಮ ಬಿ.ಪಿ.ಯಲ್ಲಿ ಅರ್ಧ ಅಪ್ಪ ಅಮ್ಮನದು” ಎಂದು ಬರೆದಿರಿ. ಆ ಅಂಕಿ ಒಬ್ಬ ವ್ಯಕ್ತಿಯದಲ್ಲ. ಒಂದು ಸಮುದಾಯದಲ್ಲಿ ಜನರಿಂದ ಜನರಿಗೆ ಒತ್ತಡದಲ್ಲಿ ಕಾಣುವ ಏರುಪೇರಿನಲ್ಲಿ ಎಷ್ಟು ಪಾಲನ್ನು ವಂಶವಾಹಿಗಳ ವ್ಯತ್ಯಾಸ ವಿವರಿಸುತ್ತದೆ ಎಂಬುದು ಅದರ ಅರ್ಥ. ಎಲ್ಲರೂ ಹೆಚ್ಚುಕಡಿಮೆ ಒಂದೇ ಅಳತೆಯ ಉಪ್ಪು ತಿನ್ನುವ ಊರಿನಲ್ಲಿ ಜೀನಿನ ಪಾಲು ದೊಡ್ಡದಾಗಿ ಕಾಣುತ್ತದೆ. ಊಟದಲ್ಲಿ ತುಂಬ ವ್ಯತ್ಯಾಸವಿರುವ ಕಡೆ ಅದೇ ಪಾಲು ಕುಗ್ಗುತ್ತದೆ. ಇನ್ನೊಂದು ಮಾತು: ಅಪ್ಪ ಮಗ ಇಬ್ಬರಿಗೂ ಬಿ.ಪಿ. ಇದೆ ಎಂದಾಗ, ಇಬ್ಬರೂ ಅದೇ ಅಡುಗೆಮನೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಿಂದವರು ಎಂಬುದನ್ನು ಮರೆಯುವಂತಿಲ್ಲ.

ಒಂದೇ ಜೀನಿನಿಂದ ಬಿ.ಪಿ. ಏರುವ ವಿರಳ ಕಾಯಿಲೆಗಳಿವೆ. ನೀವು ಒಂದೇ ಸಾಲಿನಲ್ಲಿ ದಾಟಿದ ಲಿಡ್ಲ್ ಸಿಂಡ್ರೋಮ್ ಅಂಥದ್ದು. ಲೇಖನ ಬೆಳೆಯಬೇಕಾದದ್ದು ಇಲ್ಲಿಂದ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿರುವ ಸೋಡಿಯಮ್ಮಿನ ಶೇ. 99ಕ್ಕೂ ಹೆಚ್ಚನ್ನು ವಾಪಸ್ ಹೀರುತ್ತವೆ. ಕೊನೆಯ ಚೂರು ಹೀರಿಕೆ ನಡೆಯುವುದು ಸಂಗ್ರಹ ನಾಳಗಳ ಜೀವಕೋಶಗಳ ಮೇಲಿರುವ ಸೋಡಿಯಂ ಕಾಲುವೆಗಳ ಮೂಲಕ. ಆ ಕಾಲುವೆ ಪ್ರೋಟೀನಿನ ಬಾಲದಲ್ಲಿ ಒಂದು ಸಣ್ಣ ಗುರುತು ಇದೆ. ಕಾಲುವೆಯನ್ನು ಒಳಗೆಳೆದು ಕಳಚುವ ಇನ್ನೊಂದು ಪ್ರೋಟೀನ್ ಆ ಗುರುತನ್ನೇ ಹಿಡಿಯುತ್ತದೆ. ಲಿಡ್ಲ್ ಸಿಂಡ್ರೋಮಿನಲ್ಲಿ ಬಾಲ ತುಂಡಾಗಿರುತ್ತದೆ ಇಲ್ಲವೇ ಗುರುತು ಕೆಟ್ಟಿರುತ್ತದೆ. ಕಳಚಬೇಕಾದ ಕಾಲುವೆಗಳು ಮೇಲೆಯೇ ಉಳಿದು ಉಪ್ಪು ಹೀರುತ್ತಲೇ ಇರುತ್ತವೆ, ಉಪ್ಪಿನ ಹಿಂದೆ ನೀರೂ ಬರುತ್ತದೆ, ಒತ್ತಡ ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಸ್ರವಿಸುವ ರೆನಿನ್, ಉಪ್ಪು ಉಳಿಸಿಕೊಳ್ಳುವಂತೆ ಮಾಡುವ ಹಾರ್ಮೋನ್ ಆಲ್ಡೋಸ್ಟೆರೋನ್ ಎರಡೂ ತಗ್ಗಿರುತ್ತವೆ. ಆಲ್ಡೋಸ್ಟೆರೋನಿನ ತಪ್ಪಿಲ್ಲದ್ದರಿಂದ ಅದನ್ನು ತಡೆಯುವ ಔಷಧ ಸ್ಪೈರೊನೋಲ್ಯಾಕ್ಟೋನ್ ಕೆಲಸ ಮಾಡುವುದಿಲ್ಲ, ಕಾಲುವೆಯನ್ನೇ ಮುಚ್ಚುವ ಔಷಧ ಅಮಿಲೊರೈಡ್ ಮಾಡುತ್ತದೆ. 1963ರಲ್ಲಿ ವರದಿಯಾದ ಮೂಲ ಕುಟುಂಬದ ರೋಗಿಗೆ ಮುಂದೆ ಬೇರೆ ಕಿಡ್ನಿ ಕಸಿ ಮಾಡಿದಾಗ ಈ ತೊಂದರೆಯೇ ಹೋಯಿತು. ಕೆಟ್ಟಿದ್ದದ್ದು ಕಿಡ್ನಿಯೊಳಗೆ ಎನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ? ಒಂದು ಭೇದ ಒತ್ತಡ ಏರಿಸುವ ದಾರಿಯನ್ನು ಓದುಗರು ಹೀಗೆ ಹೆಜ್ಜೆಹೆಜ್ಜೆಯಾಗಿ ಕಾಣಬೇಕು.

ಯಾರಿಗೆ ಇಂಥ ಕಾಯಿಲೆಯ ಅನುಮಾನ ಬರಬೇಕು ಎಂಬುದನ್ನೂ ಸೇರಿಸಿ: 30 ದಾಟುವ ಮೊದಲೇ ಬಿ.ಪಿ. ಏರಿದವರು, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿ ಮೂರು ಔಷಧ ತೆಗೆದುಕೊಂಡರೂ ಇಳಿಯದವರು, ಕಾರಣವಿಲ್ಲದೆ ಪೊಟ್ಯಾಸಿಯಂ ಕಡಿಮೆ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಮೆದುಳಿನ ರಕ್ತಸ್ರಾವ ಕಂಡವರು. ಅವರಿಗೂ ಮೊದಲು ಪೊಟ್ಯಾಸಿಯಂ, ರೆನಿನ್, ಆಲ್ಡೋಸ್ಟೆರೋನ್ ಪರೀಕ್ಷೆ, ಜೀನ್ ಪರೀಕ್ಷೆ ಆಮೇಲೆ.

“ಎಲ್ಲರೂ ಜೊಲ್ಲು ಕೊಟ್ಟು ಡಿ.ಎನ್.ಎ. ಪರೀಕ್ಷೆ ಮಾಡಿಸಿಕೊಳ್ಳಿ” ಎಂಬ ಸಲಹೆ ತೆಗೆಯಿರಿ. ನೂರಾರು ಭೇದಗಳನ್ನು ಕೂಡಿಸಿ ಅಂಕ ಕೊಡುವ ಪದ್ಧತಿ ಇದೆ, ಅದು ಸುಳ್ಳಲ್ಲ. 2024ರ ಅಧ್ಯಯನದಲ್ಲಿ ಅತಿ ಹೆಚ್ಚು ಅಂಕದ ಶೇ. 10 ಜನರ ‘ಮೇಲಿನ ಒತ್ತಡ’ (ಬಿ.ಪಿ.ಯ ಎರಡು ಅಂಕಿಗಳಲ್ಲಿ ಮೊದಲನೆಯದು, ಸಿಸ್ಟಾಲಿಕ್) ಅತಿ ಕಡಿಮೆ ಅಂಕದ ಶೇ. 10 ಜನರಿಗಿಂತ ಸುಮಾರು 17 ಮಿ.ಮೀ. ಹೆಚ್ಚಿತ್ತು. ಆದರೆ ಅದು ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದ ಲೆಕ್ಕ. ಬೇರೆ ಮೂಲದವರಿಗೆ ಹಾಕಿದರೆ ನಿಖರತೆ ತಗ್ಗುತ್ತದೆ, ನಮ್ಮ ಓದುಗರಿಗೂ ಅಷ್ಟೇ.

ಅತ್ಯಂತ ಅಪಾಯಕಾರಿ ಸಾಲು “ವಂಶದಲ್ಲಿದ್ದರೆ ಉಪ್ಪು ಬಿಟ್ಟರೂ ಪ್ರಯೋಜನವಿಲ್ಲ” ಎಂಬುದು. ಅದನ್ನು ಓದಿ ಯಾರೋ ಮಾತ್ರೆಯನ್ನೂ ಪಥ್ಯವನ್ನೂ ನಿಲ್ಲಿಸಿಬಿಟ್ಟಾರು. ಲಕ್ಷಾಂತರ ಜನರ ಆರೋಗ್ಯ, ಡಿ.ಎನ್.ಎ. ವಿವರಗಳ ಸಂಗ್ರಹವಾದ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿಯ ಮೇಲಿನ 2018ರ ಅಧ್ಯಯನದಲ್ಲಿ, ಆರೋಗ್ಯಕರ ಜೀವನಕ್ರಮದವರ ಮೇಲಿನ ಒತ್ತಡ ಅನಾರೋಗ್ಯಕರ ಜೀವನಕ್ರಮದವರಿಗಿಂತ 4ರಿಂದ 5 ಮಿ.ಮೀ. ಕಡಿಮೆ ಇತ್ತು. ಜೀನ್ ಅಪಾಯ ಹೆಚ್ಚಿದ್ದವರಲ್ಲೂ ಕಡಿಮೆ ಇದ್ದವರಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ 2001ರ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆಯ ಹಾಲಿನ ಊಟಕ್ಕೆ ಉಪ್ಪಿನ ಕಡಿತ ಸೇರಿದಾಗ, ಬಿ.ಪಿ. ಇದ್ದವರ ಮೇಲಿನ ಅಂಕಿ 11.5 ಮಿ.ಮೀ. ಇಳಿಯಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಟೀ ಚಮಚಕ್ಕೂ ತುಸು ಕಡಿಮೆ, ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಇಲ್ಲೇ ಕೊಡಿ.

“ಆಗಾಗ ಬಿ.ಪಿ. ನೋಡಿಸಿಕೊಳ್ಳಿ” ಎಂದರೆ ಯಾರಿಗೂ ಉಪಯೋಗವಿಲ್ಲ. ಹೇಗೆ ಎಂದು ಬರೆಯಿರಿ. ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟಕ್ಕಿರಲಿ. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಬೆಳಗ್ಗೆ ಎರಡು, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಮುಟ್ಟಿದರೆ ವೈದ್ಯರ ಬಳಿ ಹೋಗಬೇಕು.

ಶೀರ್ಷಿಕೆ ಬದಲಿಸಿ. ಲಿಡ್ಲ್ ಭಾಗವನ್ನು ಮುಂದೆ ತಂದು, ಸಾವಿರಾರು ಸಣ್ಣ ಭೇದಗಳ ಮಾತನ್ನು ಅದರ ಹಿಂದೆ ಇಡಿ. ಪ್ರತಿ ಅಂಕಿಯ ಜೊತೆ ವರ್ಷ, ಎಷ್ಟು ಜನ, ಯಾವ ಮೂಲದವರು ಎಂಬುದಿರಲಿ. 1,200 ಪದ ದಾಟದಂತೆ ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ